ಚಿಮ್ಮಂಡೆ ಸಾಕಣೆ: ಟಬ್‌ನಲ್ಲಿ ಹುಳ ಸಾಯುತ್ತಿದ್ದರೆ ತಪ್ಪು ಹುಡುಕುವ ಬಗೆ

ಟಬ್‌ನಲ್ಲಿ ಹುಳ ಸಾಯಲು ಶುರುವಾದರೆ ಬಹಳ ಜನ ಒಂದೇ ದಿನ ಎಲ್ಲವನ್ನೂ ಬದಲಿಸಿಬಿಡುತ್ತಾರೆ. ಬೇರೆ ಫೀಡ್ ತರುತ್ತಾರೆ, ನೀರು ಚಿಮುಕಿಸುತ್ತಾರೆ, ಬಲ್ಬ್ ಹಾಕುತ್ತಾರೆ, ಹುಳ ಅಡಗಲು ಇಟ್ಟ ಕೋಳಿಮೊಟ್ಟೆಯ ಟ್ರೇ ಎಸೆಯುತ್ತಾರೆ. ಆಮೇಲೆ ಸಾವು ನಿಂತರೂ ಯಾವುದರಿಂದ ನಿಂತಿತು ಎಂದು ಗೊತ್ತಾಗುವುದಿಲ್ಲ. ನಿಲ್ಲದಿದ್ದರಂತೂ ಕೇಳುವುದೇ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅದಕ್ಕೂ ಮೊದಲು ಸತ್ತಿರುವುದು ಯಾವ ವಯಸ್ಸಿನ ಹುಳ ಎಂದು ನೋಡಿ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ.

ಇಲ್ಲಿ ಚಿಮ್ಮಂಡೆ ಎಂದರೆ ರಾತ್ರಿ ಅಡುಗೆಮನೆ ಮೂಲೆಯಲ್ಲಿ ಕಿರ್ ಎನ್ನುವ ಹುಳ, ಅಂದರೆ ಕ್ರಿಕೆಟ್. ಮರದ ಮೇಲೆ ಕಿವಿ ಕಿತ್ತುಹೋಗುವ ಹಾಗೆ ಕೂಗುವುದು ಬೇರೆ ಜಾತಿ. ಸಾಕಣೆಗೆ ಬಳಸುವವು ಮುಖ್ಯವಾಗಿ ಮೂರು: ಕಂದು ಬಣ್ಣದ ಮನೆ ಚಿಮ್ಮಂಡೆ ಅಂದರೆ ಅಕೀಟಾ ಡೊಮೆಸ್ಟಿಕಸ್; ಕಪ್ಪಗೆ ದಪ್ಪಗಿದ್ದು ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆ ಇರುವ ಗ್ರಿಲ್ಲಸ್ ಬೈಮ್ಯಾಕ್ಯುಲೇಟಸ್; ಪಟ್ಟೆ ಪಟ್ಟೆಯ, ಚುರುಕಾದ ಗ್ರಿಲ್ಲೋಡಿಸ್ ಸಿಜಿಲ್ಲಾಟಸ್. ನಿಮ್ಮ ಬಳಿ ಇರುವುದು ಯಾವುದು ಎಂದು ತಿಳಿದಿರಲಿ. ಕೊನೆಯಲ್ಲಿ ಬರುವ ರೋಗದ ವಿಷಯಕ್ಕೆ ಅದು ಬೇಕಾಗುತ್ತದೆ.

ಈ ಕಸುಬಿನಲ್ಲಿ ಥಾಯ್ಲೆಂಡ್ ಎಲ್ಲರಿಗಿಂತ ಮುಂದಿದೆ. ಅಲ್ಲಿನ ಈಶಾನ್ಯ ಭಾಗದ ಖೋನ್ ಕೇನ್ ವಿಶ್ವವಿದ್ಯಾಲಯ 1990ರ ದಶಕದ ಕೊನೆಯಲ್ಲಿ ರೈತರಿಗೆ ಇದನ್ನು ಕಲಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿಯ ಪ್ರಕಾರ ಆ ಹೊತ್ತಿಗೆ ಅಲ್ಲಿ ಸುಮಾರು 20,000 ಚಿಮ್ಮಂಡೆ ಫಾರ್ಮ್‌ಗಳಿದ್ದವು. ಒಂದು ಕಿಲೋ ಹುಳಕ್ಕೆ ಎರಡು ಕಿಲೋಗಿಂತ ಕಡಿಮೆ ಫೀಡ್ ಸಾಕು, ಜಾಗವೂ ನೀರೂ ಕಡಿಮೆ ಎನ್ನುವುದೇ ಇದರ ಆಕರ್ಷಣೆ. ನಮ್ಮ ಕಡೆ ಸಾಕುವುದು ಹೆಚ್ಚಾಗಿ ನಾಟಿ ಕೋಳಿಗೆ, ಅಕ್ವೇರಿಯಂ ಮೀನಿಗೆ. ಸಣ್ಣ ಮಟ್ಟದಲ್ಲಿ, ಪ್ಲಾಸ್ಟಿಕ್ ಟಬ್‌ಗಳಲ್ಲಿ. ಈ ಬರಹ ಆ ಟಬ್‌ಗಳ ಬಗ್ಗೆ.

ಮೊದಲು ಟಾರ್ಚ್ ಹಿಡಿಯಿರಿ

ಮೂರು ಪ್ರಶ್ನೆ. ಸಾಯುತ್ತಿರುವುದು ಮರಿಗಳೋ, ನಡುವಿನವೋ, ರೆಕ್ಕೆ ಬಂದವೋ? ಒಂದೇ ರಾತ್ರಿ ಸತ್ತವೋ, ದಿನಾ ಸ್ವಲ್ಪ ಸ್ವಲ್ಪವೋ? ಒಂದೇ ಟಬ್‌ನಲ್ಲೋ, ಕೋಣೆಯ ಎಲ್ಲ ಟಬ್‌ಗಳಲ್ಲೋ?

ಎಲ್ಲ ವಯಸ್ಸಿನವೂ ಎಲ್ಲ ಟಬ್‌ಗಳಲ್ಲೂ ಒಂದೇ ರಾತ್ರಿ ಸತ್ತಿದ್ದರೆ ಅದು ರೋಗವಲ್ಲ. ವಿಷ, ಇಲ್ಲವೇ ಸೆಕೆ. ಒಂದೇ ಟಬ್‌ನಲ್ಲಿ ಬರೀ ಮರಿಗಳು ಹೋಗುತ್ತಿದ್ದರೆ ನೀರಿನ ಸಮಸ್ಯೆ. ಬಲಿತ ಹುಳಗಳು ದಿನದಿಂದ ದಿನಕ್ಕೆ ಜಾಸ್ತಿ ಸಾಯುತ್ತಾ ಟಬ್‌ನಿಂದ ಟಬ್‌ಗೆ ದಾಟುತ್ತಿದ್ದರೆ ಮಾತ್ರ ವೈರಸ್ ಬಗ್ಗೆ ಯೋಚಿಸಿ. ಹೊಸಬರು ಮೊದಲ ದಿನವೇ ವೈರಸ್ ಅನ್ನುತ್ತಾರೆ. ಅದು ಕೊನೆಗೆ ನೋಡಬೇಕಾದದ್ದು.

ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಏನು ಬರುತ್ತದೆ ಎನ್ನುವುದೂ ಮುಖ್ಯ. ಚೆನ್ನಾಗಿರುವ ಟಬ್ ಒಣ ತೌಡಿನ ವಾಸನೆ ಕೊಡುತ್ತದೆ. ಕಣ್ಣು ಉರಿಸುವ ಅಮೋನಿಯಾ ಬಂದರೆ ಹಿಕ್ಕೆ ಒದ್ದೆಯಾಗಿದೆ, ಗಾಳಿ ಸಾಲದು ಎಂದರ್ಥ. ಟಬ್‌ನ ಒಳಗೋಡೆಯಲ್ಲಿ ನೀರಿನ ಹನಿ ಕೂತಿದ್ದರೂ ಅದೇ ಮಾತು. ಮುಚ್ಚಳದಲ್ಲಿ ದೊಡ್ಡ ಕಿಟಕಿ ಕತ್ತರಿಸಿ ಸ್ಟೀಲ್ ಜಾಲರಿ ಹಾಕಿ. ನೈಲಾನ್ ಸೊಳ್ಳೆ ಪರದೆ ಹಾಕಿದರೆ ಕಡಿದು ಹೊರಗೆ ಬರುತ್ತವೆ.

ಊರನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಬೆಳವಣಿಗೆ ನಿಲ್ಲುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಬೂಸ್ಟು, ನುಸಿ. ರಾಯಚೂರಿನ ಏಪ್ರಿಲ್‌ನಲ್ಲಿ ಶೀಟ್ ಮನೆಯೊಳಗಿನ ಟಬ್ ಮಧ್ಯಾಹ್ನಕ್ಕೇ ಮುಗಿದುಹೋಗಬಹುದು. ಚಿಮ್ಮಂಡೆಗೆ ಬೇಕಾದ್ದು 28ರಿಂದ 32 ಡಿಗ್ರಿ. ಥರ್ಮಾಮೀಟರ್ ಗೋಡೆಗೆ ನೇತುಹಾಕಬೇಡಿ, ಟಬ್ ಒಳಗೆ ಮೊಟ್ಟೆ ಟ್ರೇ ನಡುವೆ ಇಡಿ. ಹುಳ ಒತ್ತಾಗಿದ್ದರೆ ಅವುಗಳ ಮೈಕಾವಿನಿಂದಲೇ ಒಳಗೆ ಕೋಣೆಗಿಂತ ಬಿಸಿ ಜಾಸ್ತಿ ಇರುತ್ತದೆ.

ಮೊಟ್ಟೆ ಒಡೆಯುತ್ತಿಲ್ಲ

ಹುಳ ಮೊಟ್ಟೆ ಇಡುವ ಡಬ್ಬದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯನ್ನು ಚಮಚದಲ್ಲಿ ಒಂದು ಸೆಂಟಿಮೀಟರ್ ಕೆರೆದು ನೋಡಿ. ಸಣ್ಣ ಅಕ್ಕಿಕಾಳಿನ ಹಾಗೆ ಉದ್ದುದ್ದ, ಎರಡು ಮಿಲಿಮೀಟರ್ ಆಸುಪಾಸಿನ, ತಿಳಿ ಹಳದಿ ಮೊಟ್ಟೆಗಳು ಕಾಣಬೇಕು. ಒಂದೂ ಕಾಣದಿದ್ದರೆ ಸಮಸ್ಯೆ ತಾಯಿ ಹುಳದ್ದು. ಟಬ್‌ನಲ್ಲಿ ಹೆಣ್ಣುಗಳಿವೆಯಾ ನೋಡಿ. ಹೆಣ್ಣಿಗೆ ಹಿಂದೆ ಎರಡು ಬಾಲದ ಎಳೆಗಳ ನಡುವೆ ಸೂಜಿಯಂಥ ಉದ್ದನೆಯ ಕೊಳವೆ ಇರುತ್ತದೆ. ಅದನ್ನು ಮಣ್ಣಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಕೋಕೋಪೀಟ್ ಒಣಗಿದ್ದರೆ ಮೇಲೆ ಓಡಾಡಿ ವಾಪಸ್ ಹೋಗುತ್ತದೆ.

ಮೊಟ್ಟೆ ಇದ್ದು ಒಡೆಯದಿದ್ದರೆ ಅವುಗಳ ಮೈ ನೋಡಿ. ನುಣುಪಾಗಿ ಉಬ್ಬಿದ್ದರೆ ಜೀವ ಇದೆ, ಸುಮ್ನೆ ಕಾಯಿರಿ. 30 ಡಿಗ್ರಿಯಲ್ಲಿ 10ರಿಂದ 13 ದಿನ ಹಿಡಿಯುತ್ತದೆ. 25ಕ್ಕೆ ಇಳಿದರೆ ಇನ್ನೂ ಒಂದು ವಾರ ಎಳೆಯುತ್ತದೆ. ನೆರಿಗೆ ಬಿದ್ದು ಬತ್ತಿದ್ದರೆ ತೇವ ಹೋಗಿದೆ. ಕಂದಾಗಿ ಬೂಸ್ಟು ಹಿಡಿದಿದ್ದರೆ ನೀರು ಜಾಸ್ತಿಯಾಗಿದೆ. ಕೋಕೋಪೀಟನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಆ ಹದ ಸಾಕು. ಡಬ್ಬವನ್ನು ತಾಯಿ ಟಬ್‌ನಲ್ಲೇ ವಾರಗಟ್ಟಲೆ ಬಿಡಬೇಡಿ. ದೊಡ್ಡ ಹುಳಗಳು ಕೆದಕಿ ಮೊಟ್ಟೆ ತಿನ್ನುತ್ತವೆ. ಎರಡು ಮೂರು ದಿನಕ್ಕೆ ತೆಗೆದು ಬೇರೆ ಇಡಿ.

ಮರಿಗಳು ಮೊದಲ ವಾರದಲ್ಲೇ ಖಾಲಿ

ಮುಖ್ಯವಾಗಿ ಎರಡು ಕಾರಣ: ಮುಳುಗಿದವು, ಇಲ್ಲವೇ ಒಣಗಿದವು. ಆಗ ತಾನೇ ಹುಟ್ಟಿದ ಮರಿ ಒಂದು ಹನಿ ನೀರಿನಲ್ಲೂ ಮುಳುಗುತ್ತದೆ. ಕೋಳಿಮರಿಗೆ ಇಡುವ ಡ್ರಿಂಕರ್ ಇಡಬೇಡಿ. ತಟ್ಟೆಯಲ್ಲಿ ಒದ್ದೆ ಹತ್ತಿ ಅಥವಾ ಸ್ಪಾಂಜ್ ಇಟ್ಟು ದಿನಾ ಬದಲಿಸಿ. ಸಿಪ್ಪೆ ತೆಗೆದ ಕ್ಯಾರೆಟ್ ಹೋಳು ಇನ್ನೂ ಒಳ್ಳೆಯದು. ಫ್ಯಾನ್ ಕೆಳಗೆ ಟಬ್ ಇದ್ದರೆ ಮರಿಗಳು ಅರ್ಧ ದಿನಕ್ಕೇ ಒಣಗುತ್ತವೆ. ಅವುಗಳಿಗೆ ದೊಡ್ಡವಕ್ಕಿಂತ ಜಾಸ್ತಿ ತೇವ ಬೇಕು.

ಫೀಡ್ ದಪ್ಪವಾಗಿದ್ದರೂ ಮರಿ ಉಪವಾಸ ಬೀಳುತ್ತದೆ. ಬ್ರಾಯ್ಲರ್ ಸ್ಟಾರ್ಟರ್ ಫೀಡನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಕೊಡಿ. ಥಾಯ್ಲೆಂಡ್‌ನಲ್ಲೂ ಬಳಸುವುದು ಹೆಚ್ಚಾಗಿ 20 ಪರ್ಸೆಂಟ್ ಆಸುಪಾಸು ಪ್ರೋಟೀನ್ ಇರುವ ಕೋಳಿ ಫೀಡನ್ನೇ.

ಒಂದೇ ರಾತ್ರಿಯಲ್ಲಿ ಎಲ್ಲವೂ

ಇದರ ಹಿಂದೆ ಹೆಚ್ಚಾಗಿ ಮನುಷ್ಯರ ಕೈ ಇರುತ್ತದೆ. ಸಾಯುತ್ತಿರುವ ಒಂದು ಹುಳವನ್ನು ಬಿಳಿ ಕಾಗದದ ಮೇಲೆ ಹಾಕಿ ಐದು ನಿಮಿಷ ನೋಡಿ. ಮೊದಲು ಸುಮ್ಮನೆ ಗಿರಗಿರ ಸುತ್ತುತ್ತದೆ, ಹಾರಲು ಹೋಗಿ ಮಗುಚುತ್ತದೆ, ಅಂಗಾತ ಬಿದ್ದು ಕಾಲು ನಡುಗಿಸುತ್ತದೆ. ಬಾಯಿಯ ಎಳೆಗಳು ಕೊನೆವರೆಗೂ ಅಲುಗುತ್ತವೆ. ಇದು ನರಕ್ಕೆ ಹತ್ತಿದ ಕೀಟನಾಶಕದ ಲಕ್ಷಣ. ಇನ್ನೊಂದು ಗುರುತು ಕೋಣೆಯ ಮೂಲೆಗಳಲ್ಲಿದೆ. ಅಲ್ಲಿ ಜೇಡ, ಇರುವೆ, ಜಿರಳೆ ಕೂಡ ಸತ್ತು ಬಿದ್ದಿದ್ದರೆ ಇನ್ನು ಅನುಮಾನ ಬೇಡ.

ವಿಷ ಬರುವ ದಾರಿಗಳು ನಮ್ಮ ಮನೆಗಳಲ್ಲಿ ಮಾಮೂಲಿ ಇರುವಂಥವೇ. ಸೊಳ್ಳೆ ಬತ್ತಿ, ಪ್ಲಗ್‌ಗೆ ಹಾಕುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ, ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಔಷಧ. ಸೊಳ್ಳೆಗೆ ವಿಷವಾದದ್ದು ಚಿಮ್ಮಂಡೆಗೆ ಪಾಯಸ ಆಗುತ್ತದಾ? ಪರಿಚಯದವರೊಬ್ಬರ ಶೆಡ್‌ನಲ್ಲಿ ಇಡೀ ಬ್ಯಾಚ್ ಹೋಯಿತು. ಫೀಡ್ ಮೇಲೆ ಅನುಮಾನ, ನೀರಿನ ಮೇಲೆ ಅನುಮಾನ. ಕೊನೆಗೆ ನೋಡಿದರೆ ಕಾವಲಿಗೆ ಮಲಗಿದ ಹುಡುಗ ಸೊಳ್ಳೆ ಕಾಟ ತಡೆಯಲಾರದೆ ಬತ್ತಿ ಹಚ್ಚಿದ್ದ. ಅವನನ್ನು ಬೈದು ಏನು ಪ್ರಯೋಜನ? ಅವನಿಗೆ ಸೊಳ್ಳೆ ಪರದೆ ಕೊಡಿಸಬೇಕಿತ್ತು, ಅಷ್ಟೇ. ನಾಯಿಗೆ ಉಣ್ಣಿ ಔಷಧ ಹಚ್ಚಿದ ಕೈಯಲ್ಲೇ ಟಬ್ ಮುಟ್ಟಿದರೂ ಇದೇ ಕಥೆ.

ಎರಡನೆಯ ದಾರಿ ಸೊಪ್ಪು, ತರಕಾರಿ. ಮಾರುಕಟ್ಟೆಯ ಹೂಕೋಸಿನ ಎಲೆ ಪುಕ್ಕಟೆ ಸಿಗುತ್ತದೆ ಎಂದು ತರುತ್ತೇವೆ, ಅದರ ಮೇಲೆ ಎಷ್ಟು ಔಷಧ ಬಿದ್ದಿದೆಯೋ ಯಾರಿಗೆ ಗೊತ್ತು? ಅನುಮಾನ ಬಂದರೆ ಎರಡು ಜಾಡಿ ಪರೀಕ್ಷೆ ಮಾಡಿ. ಎರಡು ಜಾಡಿಗೂ ತೂತಿರುವ ಮುಚ್ಚಳ, ಎರಡಕ್ಕೂ ಒಂದಷ್ಟು ಆರೋಗ್ಯವಾದ ಮರಿಗಳು, ಒಂದೇ ಫೀಡ್. ಒಂದಕ್ಕೆ ಮಾತ್ರ ಅನುಮಾನದ ಸೊಪ್ಪು. ಇನ್ನೊಂದಕ್ಕೆ ಮನೆಯಲ್ಲೇ ಬೆಳೆದ ಕುಂಬಳ ಅಥವಾ ಸಿಪ್ಪೆ ತೆಗೆದ ಕ್ಯಾರೆಟ್. ಒಂದು ದಿನ ಬಿಟ್ಟು ನೋಡಿ. ಮರಿಗಳನ್ನೇ ಹಾಕಿ, ಅವು ಬೇಗ ಹೇಳುತ್ತವೆ. ರೇಷ್ಮೆ ಸಾಕುವವರಿಗೆ ಇದು ಹೊಸದಲ್ಲ. ಪಕ್ಕದ ಹೊಲಕ್ಕೆ ಔಷಧ ಹೊಡೆದ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯಬಾರದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿಷದ ಗುರುತಿಲ್ಲ, ಎಲ್ಲವೂ ಟಬ್‌ನ ಮೇಲ್ಭಾಗಕ್ಕೆ, ಜಾಲರಿ ಕಡೆಗೆ ಬಂದು ಸತ್ತಿವೆ ಎಂದರೆ ಸೆಕೆ. 35 ಡಿಗ್ರಿ ದಾಟುವ ಕೋಣೆಯಲ್ಲಿ ಟಬ್ ಇಡಬೇಡಿ. ಸೂರಿನ ಮೇಲೆ ತೆಂಗಿನ ಗರಿ ಹೊದಿಸಿ, ಗೋಡೆಗೆ ಒದ್ದೆ ಗೋಣಿ ಇಳಿಬಿಡಿ, ಹುಳ ಒತ್ತಾಗಿದ್ದರೆ ಎರಡು ಟಬ್‌ಗೆ ಹಂಚಿ.

ಪೊರೆ ಅರ್ಧಕ್ಕೆ ನಿಂತಿದೆ

ಚಿಮ್ಮಂಡೆ ದೊಡ್ಡದಾಗುವುದರೊಳಗೆ ಎಂಟು ಹತ್ತು ಸಲ ಪೊರೆ ಬಿಡುತ್ತದೆ. ಪೊರೆ ಬಿಟ್ಟ ಹುಳ ಸ್ವಲ್ಪ ಹೊತ್ತು ಬೆಳ್ಳಗೆ, ಮೆತ್ತಗೆ ಇರುತ್ತದೆ. ಅದು ರೋಗವಲ್ಲ, ಗಾಬರಿ ಬೇಡ. ಆದರೆ ಹಳೆ ಚರ್ಮ ಕಾಲಿಗೋ ರೆಕ್ಕೆಗೋ ಸಿಕ್ಕಿಕೊಂಡೇ ಸತ್ತಿದ್ದರೆ ಗಾಳಿ ತೀರಾ ಒಣಗಿದೆ. ಟಬ್‌ನ ಒಂದು ಮೂಲೆಯಲ್ಲಿ ಒದ್ದೆ ಸ್ಪಾಂಜ್ ಇಡಿ, ಇಡೀ ಟಬ್ ಒದ್ದೆ ಮಾಡಬೇಡಿ. ನೇತಾಡಿಕೊಂಡು ಪೊರೆ ಬಿಡಲು ಮೊಟ್ಟೆ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ಹಿಕ್ಕೆಯೂ ಅದರ ಮೇಲೇ ಕೂರುತ್ತದೆ.

ತೇವ ಸರಿ ಇದ್ದೂ ಹೀಗಾಗುತ್ತಿದ್ದರೆ ಸೊಪ್ಪಿಗೆ ಬೇವಿನೆಣ್ಣೆ ಹೊಡೆದಿದ್ದೀರಾ ಎಂದು ಕೇಳಿಕೊಳ್ಳಿ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೆಲಸ ಮಾಡುವುದೇ ಹುಳದ ಪೊರೆ ಬಿಡುವ ಕ್ರಮವನ್ನು ಕೆಡಿಸಿ. ಸಾವಯವ ಎನ್ನುವ ಮಾತು ನಮಗೆ ಸಮಾಧಾನ, ಹುಳಕ್ಕಲ್ಲ.

ಹುಳ ಕಡಿಮೆಯಾಗುತ್ತಿವೆ, ಹೆಣವೇ ಕಾಣುತ್ತಿಲ್ಲ

ರಾತ್ರಿ ಹೋಗಿ ನೋಡಿ. ಮುಚ್ಚಳದ ಅಂಚಿನಲ್ಲಿ ಹಲ್ಲಿ ಕೂತಿರುತ್ತದೆ. ಹಲ್ಲಿ ಇಲ್ಲದಿದ್ದರೆ ಟಬ್‌ನ ಮೇಲಂಚಿಗೆ ಸುತ್ತಿದ ಪ್ಯಾಕಿಂಗ್ ಟೇಪ್ ನೋಡಿ. ನುಣ್ಣನೆ ಟೇಪ್ ಮೇಲೆ ಹುಳಕ್ಕೆ ಹಿಡಿತ ಸಿಗುವುದಿಲ್ಲ, ಆದರೆ ಅದರ ಮೇಲೆ ಧೂಳು ಕೂತರೆ ಏಣಿ ಇಟ್ಟ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು.

ಇರುವೆ ಬಂದರೆ ಟೇಬಲ್ಲಿನ ನಾಲ್ಕು ಕಾಲುಗಳನ್ನೂ ಸೋಪು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಟೇಬಲ್ ಗೋಡೆಗೆ ತಾಗಿರಬಾರದು, ಮೇಲಿನಿಂದ ವೈರೂ ಇಳಿದಿರಬಾರದು. ಕಾಲಿಗೆ ಬಟ್ಟಲಿನ ಬೇಲಿ ಹಾಕಿ ವೈರ್ ಮರೆತವರೇ ಜಾಸ್ತಿ.

ಇವು ಯಾವುದೂ ಅಲ್ಲ, ನೆಲದ ಮೇಲೆ ಬರೀ ಕಾಲು, ರೆಕ್ಕೆ ಬಿದ್ದಿವೆ ಎಂದರೆ ಒಂದನ್ನೊಂದು ತಿನ್ನುತ್ತಿವೆ. ಪೊರೆ ಬಿಟ್ಟು ಮೆತ್ತಗಿರುವ ಹುಳ ಮೊದಲು ಬಲಿ. ನೀರು ತಪ್ಪಿರಬಹುದು, ಪ್ರೋಟೀನ್ ಕಡಿಮೆ ಇರಬಹುದು, ಅಡಗಲು ಜಾಗ ಸಾಲದಿರಬಹುದು. ಇದೇ ಕ್ರಮದಲ್ಲಿ ನೋಡಿ. ಬೇರೆ ಬೇರೆ ವಯಸ್ಸಿನವನ್ನು ಒಂದೇ ಟಬ್‌ಗೆ ಸುರಿದಿದ್ದರೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ.

ಬೆಳೆಯುತ್ತಲೇ ಇಲ್ಲ

30 ಡಿಗ್ರಿ ಆಸುಪಾಸಿನಲ್ಲಿ ಮನೆ ಚಿಮ್ಮಂಡೆ ಆರರಿಂದ ಎಂಟು ವಾರದಲ್ಲಿ ಬಲಿಯುತ್ತದೆ. ಕೂಗು ಕೇಳಿದರೆ ಬಲಿತಿದೆ ಎಂದರ್ಥ, ಯಾಕೆಂದರೆ ಕೂಗುವುದು ರೆಕ್ಕೆ ಬಂದ ಗಂಡು ಮಾತ್ರ. ಎರಡು ತಿಂಗಳಾದರೂ ಟಬ್ ಮೌನವಾಗಿದ್ದರೆ ರಾತ್ರಿಯ ಉಷ್ಣತೆ ನೋಡಿ, ಹಗಲಿನದ್ದಲ್ಲ. ಕೂಗು ಎಳೆದೆಳೆದು ನಿಧಾನವಾಗಿ ಬರುತ್ತಿದ್ದರೂ ಚಳಿ ಇದೆ ಎಂದೇ ಅರ್ಥ. ಚಳಿಗೆ ಬಲ್ಬ್ ಹಾಕುವುದಾದರೆ ಟಬ್‌ನ ಒಂದು ಕಡೆಗೆ ಮಾತ್ರ ಹಾಕಿ, ಬೇಕಾದ ಜಾಗವನ್ನು ಹುಳಗಳೇ ಆರಿಸಿಕೊಳ್ಳಲಿ.

ಫೀಡ್ ಹಿಡಿ ತುಂಬ ತೆಗೆದು ಮೂಸಿ. ಮುಗ್ಗಲು ವಾಸನೆ ಇದ್ದರೆ ಎಸೆಯಿರಿ. ಫೀಡ್ ಮೇಲಿನ ಬಿಳಿ ಧೂಳು ತಾನಾಗಿ ಚಲಿಸುತ್ತಿದ್ದರೆ ಅದು ಧೂಳಲ್ಲ, ನುಸಿ. ಫೀಡ್, ಹಿಕ್ಕೆ, ಟ್ರೇ ಎಲ್ಲ ತೆಗೆದು, ಟಬ್ ತೊಳೆದು ಬಿಸಿಲಿಗೆ ಹಾಕಿ, ಹುಳಗಳನ್ನು ಒಣ ಟಬ್‌ಗೆ ದಾಟಿಸಿ. ಎರಡು ದಿನಕ್ಕೆ ಮುಗಿಯುವಷ್ಟೇ ಫೀಡ್ ಹಾಕುತ್ತಾ ಬಂದರೆ ನುಸಿ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ.

ಬಲಿತ ಹುಳ ದಿನಾ ಸಾಯುತ್ತಿವೆ

ಮೇಲಿನದೆಲ್ಲ ಸರಿ ಇದ್ದೂ ದೊಡ್ಡ ಮರಿಗಳು, ಹೊಸದಾಗಿ ರೆಕ್ಕೆ ಬಂದವು ಮಂಕಾಗುತ್ತಿವೆ. ಮುಟ್ಟಿದರೆ ಹಾರುವುದಿಲ್ಲ, ಅಂಗಾತ ಬಿದ್ದು ದಿನಗಟ್ಟಲೆ ಕಾಲಾಡಿಸುತ್ತವೆ. ಸಾವು ಪ್ರತಿ ವಾರ ಏರುತ್ತಿದೆ, ಪಕ್ಕದ ಟಬ್‌ಗೂ ಬಂತು. ನಿಮ್ಮಲ್ಲಿರುವುದು ಕಂದು ಮನೆ ಚಿಮ್ಮಂಡೆಯಾದರೆ ಇದು ಡೆನ್ಸೊವೈರಸ್ ಇರಬಹುದು. ವಿಷಕ್ಕೂ ಇದಕ್ಕೂ ವ್ಯತ್ಯಾಸ ವೇಗದಲ್ಲಿದೆ. ವಿಷ ರಾತ್ರಿ ಬೆಳಗಾಗುವುದರಲ್ಲಿ ಮುಗಿಸುತ್ತದೆ, ಇದು ವಾರಗಟ್ಟಲೆ ತಿನ್ನುತ್ತದೆ. ಈ ವೈರಸ್ ಯುರೋಪಿನಲ್ಲಿ 1970ರ ದಶಕದಲ್ಲೇ ಗೊತ್ತಾಗಿತ್ತು. 2009-10ರ ಹೊತ್ತಿಗೆ ಉತ್ತರ ಅಮೆರಿಕದ ಫಾರ್ಮ್‌ಗಳಿಗೆ ಹಬ್ಬಿ, ಸಾಕುಪ್ರಾಣಿಗಳ ಆಹಾರಕ್ಕೆ ಚಿಮ್ಮಂಡೆ ಬೆಳೆಯುತ್ತಿದ್ದ ಕೆಲವರು ಬಾಗಿಲು ಮುಚ್ಚಬೇಕಾಯಿತು.

ಹೊಟ್ಟೆ ಉಬ್ಬಿ ಸತ್ತಿದ್ದರೆ ಒಂದನ್ನು ಸಣ್ಣ ಕತ್ತರಿಯಲ್ಲಿ ಹೊಟ್ಟೆಯ ಬದಿಯಿಂದ ಸೀಳಿ, ಟಾರ್ಚ್ ಬೆಳಕಿನಲ್ಲಿ ವಾಲಿಸಿ ನೋಡಿ. ಆರೋಗ್ಯದ ಹುಳದಲ್ಲಿ ಕೊಬ್ಬು ಬೆಳ್ಳಗೆ ಅಥವಾ ಹಳದಿಯಾಗಿರುತ್ತದೆ. ಅದು ನೀಲಿ ಹೊಳಪು ಹೊಡೆಯುತ್ತಿದ್ದರೆ ಇರಿಡೊವೈರಸ್. ಇದು ಕಪ್ಪು ಚಿಮ್ಮಂಡೆಗೂ ಬರುತ್ತದೆ, ಸತ್ತದ್ದನ್ನು ಉಳಿದವು ತಿನ್ನುವುದರಿಂದ ಹರಡುತ್ತದೆ. ನೀಲಿ ಕಾಣದಿದ್ದ ಮಾತ್ರಕ್ಕೆ ರೋಗ ಇಲ್ಲ ಎನ್ನುವ ಹಾಗಿಲ್ಲ. ಖಚಿತವಾಗಬೇಕಾದರೆ ಲ್ಯಾಬ್ ಪರೀಕ್ಷೆಯೇ ಬೇಕು. ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಆಗ ತಾನೇ ಸತ್ತ ಕೆಲವು ಹುಳಗಳನ್ನು ಫ್ರೀಜರ್‌ನಲ್ಲಿ ಇಟ್ಟುಕೊಂಡಿರಿ.

ಎರಡಕ್ಕೂ ಔಷಧ ಇಲ್ಲ. ಚೆನ್ನಾಗಿರುವ ನಾಲ್ಕು ಹುಳ ಆರಿಸಿಟ್ಟುಕೊಳ್ಳೋಣ ಎನ್ನುವ ಆಸೆ ಬಿಡಿ, ನೋಡಲು ಚೆನ್ನಾಗಿರುವವೂ ವೈರಸ್ ಹೊತ್ತಿರುತ್ತವೆ. ಎಲ್ಲವನ್ನೂ ಕುದಿನೀರಿಗೆ ಹಾಕಿ ಸಾಯಿಸಿ ಆಳವಾಗಿ ಹೂಳಿ. ಮೊಟ್ಟೆ ಟ್ರೇ, ಸ್ಪಾಂಜ್ ಸುಟ್ಟುಬಿಡಿ. ಹಿಕ್ಕೆ ಗೊಬ್ಬರಕ್ಕೆ ಚೆನ್ನ, ಆದರೆ ಈ ಬ್ಯಾಚಿನದ್ದನ್ನು ಶೆಡ್ ಹತ್ತಿರ ಹಾಕಬೇಡಿ. ಟಬ್‌ಗಳನ್ನು ಮೊದಲು ಸೋಪಿನಲ್ಲಿ ಉಜ್ಜಿ ಕೊಳೆ ತೆಗೆಯಿರಿ, ಕೊಳೆ ಇದ್ದರೆ ಬ್ಲೀಚ್ ಶಕ್ತಿ ಅಲ್ಲೇ ಮುಗಿಯುತ್ತದೆ. ಆಮೇಲೆ ದ್ರವ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, 15 ನಿಮಿಷ ಒದ್ದೆಯಾಗಿಯೇ ಇರಲಿ. ಅದರ ಜೊತೆ ಟಾಯ್ಲೆಟ್ ಕ್ಲೀನರ್ ಯಾವ ಕಾರಣಕ್ಕೂ ಬೆರೆಸಬೇಡಿ, ಬರುವ ಗ್ಯಾಸ್ ನಿಮಗೇ ಅಪಾಯ. ಸ್ಪಿರಿಟ್ ಹಚ್ಚಿ ಒರೆಸಿದರೆ ಡೆನ್ಸೊವೈರಸ್ ಹೋಗುತ್ತದೆ ಎಂದು ನಂಬಬೇಡಿ. ಕೆಲವು ವಾರ ಶೆಡ್ ಖಾಲಿ ಬಿಡಿ.

ಮತ್ತೆ ಶುರು ಮಾಡುವಾಗ ಪಟ್ಟೆಯ ಗ್ರಿಲ್ಲೋಡಿಸ್ ಸಿಕ್ಕರೆ ಅದನ್ನೇ ಹಾಕಿ. ಡೆನ್ಸೊವೈರಸ್ ಹೊಡೆತಕ್ಕೆ ಸಿಕ್ಕ ಹೊರದೇಶದ ಫಾರ್ಮ್‌ಗಳಲ್ಲಿ ಹಲವು ಇದಕ್ಕೆ ಬದಲಾದವು. ಕಂದು ಚಿಮ್ಮಂಡೆಯನ್ನು ಇದರ ಪಕ್ಕ ಇಡಬೇಡಿ. ತಾನು ಕಾಯಿಲೆ ಬೀಳದ ಜಾತಿ ವೈರಸ್ ಹೊತ್ತು ತರಬಹುದು. ಹೊಲದಲ್ಲಿ ಹಿಡಿದ ಹುಳವನ್ನೂ ಟಬ್‌ಗೆ ಬಿಡಬೇಡಿ. ಹೊಸದಾಗಿ ಬಂದದ್ದನ್ನು ಬೇರೆ ಕೋಣೆಯಲ್ಲಿ ಒಂದು ತಲೆಮಾರು ಬೆಳೆಸಿ, ಆಮೇಲೆ ಒಳಗೆ ತನ್ನಿ.

ಪುಡಿ ಕಪ್ಪಾಗಿದೆ, ಮುಗ್ಗಲು ವಾಸನೆ

ಹುಳವನ್ನು ಒಣಗಿಸಿ ಪುಡಿ ಮಾಡಿ ಇಡುವವರಿಗೆ ಈ ಮಾತು. ಒಣ ಚಿಮ್ಮಂಡೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್, ಉಳಿದದ್ದರಲ್ಲಿ ಕೊಬ್ಬು ಸಾಕಷ್ಟು. ಆ ಕೊಬ್ಬೇ ಕೆಡುವುದು. ಕೊಯ್ಲಿಗೆ ಮುಂಚೆ ಒಂದು ದಿನ ಫೀಡ್ ನಿಲ್ಲಿಸಿ, ನೀರು ಮಾತ್ರ ಇರಲಿ, ಹೊಟ್ಟೆ ಖಾಲಿಯಾಗುತ್ತದೆ. ಫ್ರೀಜರ್‌ನಲ್ಲಿ ಸಾಯಿಸಿ, ತೊಳೆದು, ಕುದಿನೀರಿನಲ್ಲಿ ಕೆಲವು ನಿಮಿಷ ಬೇಯಿಸಿಯೇ ಒಣಗಿಸಿ. ಬೇಯಿಸದೆ ಬಿಸಿಲಿಗೆ ಹಾಕಿದರೆ ಮೈಯೊಳಗಿನ ಕಿಣ್ವಗಳಿಂದ ಕಪ್ಪಾಗುತ್ತವೆ, ಕ್ರಿಮಿಗಳೂ ಬೆಳೆಯುತ್ತವೆ. ಬೆರಳಲ್ಲಿ ಒತ್ತಿದರೆ ಪಟ್ ಎಂದು ಮುರಿಯಬೇಕು. ಬಗ್ಗಿದರೆ ಇನ್ನೂ ಒಣಗಬೇಕು. ಗಾಳಿ ಆಡದ ಡಬ್ಬದಲ್ಲಿ ತಂಪಾದ ಜಾಗದಲ್ಲಿ ಇಡಿ. ಯುರೋಪಿಯನ್ ಒಕ್ಕೂಟ 2022ರಲ್ಲಿ ಮನೆ ಚಿಮ್ಮಂಡೆಯನ್ನು ಆಹಾರವಾಗಿ ಒಪ್ಪಿದಾಗ ಅಲರ್ಜಿಯ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಲೇಬೇಕು ಎಂದಿತು. ಸಿಗಡಿ ತಿಂದರೆ ಮೈ ದದ್ದರಿಸುವವರಿಗೆ ಚಿಮ್ಮಂಡೆಯಿಂದಲೂ ಹಾಗಾಗಬಹುದು. ಅಂಥವರು ಪುಡಿ ಮಾಡುವ ಕೆಲಸಕ್ಕೂ ಮಾಸ್ಕ್ ಇಲ್ಲದೆ ಕೂರಬಾರದು.

ಇನ್ನು ಪಕ್ಕದ ಮನೆಯವರ ದೂರು. ರಾತ್ರಿಯಿಡೀ ಕಿರ್ ಎನ್ನುವುದನ್ನು ನಿಲ್ಲಿಸುವ ಔಷಧ ಇಲ್ಲ. ಮೊದಲ ಕೂಗು ಕೇಳಿದ ವಾರವೇ ಟಬ್ ಕೊಯ್ಲು ಮಾಡಿ, ತಳಿಗೆ ಬೇಕಾದಷ್ಟನ್ನು ಮಾತ್ರ ಉಳಿಸಿ, ಆ ಟಬ್ಬನ್ನು ಅವರ ಮಲಗುವ ಕೋಣೆಯ ಗೋಡೆಯಿಂದ ದೂರ ಇಡಿ.